ಮಾದರಿ ತೂಕ

ಫೆಬ್ರವರಿ 3, ಸೋಮವಾರ

ಡಾಕ್ಟರಮ್ಮ ಕಣ್ಣು ಮುಚ್ಚಿಕೊಳ್ಳಲು ಹೇಳಿ, ನನ್ನ ಬಲಗಾಲಿನ ಹೆಬ್ಬೆರಳ ಹತ್ತಿರ ಏನೋ ಹಿಡಿದು, "ಮುಟ್ಟಿದ್ದು ಗೊತ್ತಾಯ್ತಾ ಸಾರ್?" ಎಂದರು. ಗೊತ್ತಾಯಿತು ಎಂದೆ. ಅವರು ಆಗಿನ್ನೂ ಮುಟ್ಟಿರಲಿಲ್ಲವಂತೆ. ಇದೂ ಒಂದು ಪರೀಕ್ಷಾ ವಿಧಾನವೇ? ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದವನು ನಾನು. ಯಾವ ಅಂಗಡಿಯವನನ್ನೂ ಹೀಗೆ ಮಾತಿನಲ್ಲಿ ಸಿಕ್ಕಿಸಿ ಹಿಡಿದದ್ದಿಲ್ಲ.

ಬೆರಳಿನ ಗಾಯಕ್ಕೆ ಐದು ವಾರವಾಯಿತು, ಮಾಯುತ್ತಿಲ್ಲ. "ಮೂರು ತಿಂಗಳು ನೋಡ್ತೀನಿ. ಶುಗರ್ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ. ಬೆರಳಿಗೇ ನಿಲ್ಲುತ್ತೆ ಅಂತ ನಾನು ಬರೆದುಕೊಡಲ್ಲ" ಎಂದರು. ದಿನಕ್ಕೆ ಮುಕ್ಕಾಲು ಗಂಟೆ ನಡೆಯಬೇಕು, ಅನ್ನ ಅರ್ಧ ಮಾಡಬೇಕು, ಚಹಾಕ್ಕೆ ಸಕ್ಕರೆ ಬಿಡಬೇಕು, ಹತ್ತಕ್ಕೆ ಮಲಗಬೇಕು, ಗುಳಿಗೆ ತಪ್ಪಿಸಬಾರದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮನೆಯಲ್ಲೇ ರಕ್ತ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಮೇ ಮೊದಲ ವಾರ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ.

ನಡೆಯುವುದು ಎಲ್ಲಿ ಎಂದು ಡಾಕ್ಟರಮ್ಮ ಹೇಳಲಿಲ್ಲ. ಶಾಲೆಯ ಹಿಂದಿನ ಬಯಲನ್ನು ವಾಯುವಿಹಾರಕ್ಕೆ ಮೀಸಲಿಟ್ಟಿದ್ದೇವೆ ಎಂದು ನಗರಸಭೆ ಠರಾವು ಮಾಡಿ ಇಪ್ಪತ್ತಾರು ವರ್ಷವಾಯಿತು. ಆ ದಿನದ ಪತ್ರಿಕೆಯ ತುಣುಕು ನನ್ನ ಬಳಿ ಇದೆ. ಈಗ ಅಲ್ಲಿ ಕಾರುಗಳು ನಿಂತಿವೆ. ಜನ ಮರೆಯುತ್ತಾರೆ ಎಂಬ ಧೈರ್ಯದ ಮೇಲೆಯೇ ಇವರ ಆಡಳಿತ ನಡೆಯುವುದು.

ಹೊರಡುವಾಗ ಡಾಕ್ಟರಮ್ಮ ನನ್ನ ಹೆಂಡತಿಗೆ, "ಈ ಪಥ್ಯ ನೀವೂ ಮಾಡಿ ಅಮ್ಮ, ಒಬ್ಬರಿಗೊಬ್ಬರು ಜೊತೆ ಆಗುತ್ತೆ. ಒಂದ್ಸಲ ನಿಮ್ದೂ ನೋಡಿಬಿಡೋಣ" ಎಂದರು. "ಇವಳಿಗೇನಾಗಿದೆ, ಕಲ್ಲುಗುಂಡು" ಎಂದೆ. ಇವಳು ನಕ್ಕಳು.

ಫೆಬ್ರವರಿ 5, ಬುಧವಾರ

ರಕ್ತದ ಸಕ್ಕರೆ ನೋಡುವ ಯಂತ್ರ ತಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಬಂದು, ಹತ್ತು ನಿಮಿಷದೊಳಗೆ ಮನೆಯಲ್ಲೂ ನೋಡಿಕೊಂಡೆ. ಅಲ್ಲಿ 203, ಇಲ್ಲಿ 226. ಒಂದೇ ಮೈ, ಒಂದೇ ರಕ್ತ!

ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಇನಿದನಿಯಲ್ಲಿ, "ಹದಿನೈದು ಪರ್ಸೆಂಟ್ ಆಚೀಚೆ ಆಗೋದು ನಾರ್ಮಲ್ ಸಾರ್" ಎಂದಳು. "ಅಮ್ಮಾ, ಒಂದು ಕಿಲೋಗೆ ನೂರೈವತ್ತು ಗ್ರಾಮ್ ಕಮ್ಮಿ ತೂಗೋದು ನಾರ್ಮಲ್ಲಾ?" ಎಂದೆ. "ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸಾರ್?" ಎಂದಳು.

ಕಿಲೋಗೆ ಐದು ಗ್ರಾಂ ತಪ್ಪಿದ್ದಕ್ಕೆ ನಾನು ತಕ್ಕಡಿ ಮುಟ್ಟುಗೋಲು ಹಾಕಿದ್ದೇನೆ. ತಳ ಕೊರೆದು ಮೇಣ ತುಂಬಿದ ತೂಕದ ಬಟ್ಟು, ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಎಲ್ಲವನ್ನೂ ಬರಿಗಣ್ಣಿನಲ್ಲೇ ಹಿಡಿದಿದ್ದೇನೆ. ಒಬ್ಬ ಸಗಟು ವ್ಯಾಪಾರಿ ಹದಿನೇಳು ವರ್ಷದ ಹಿಂದೆ ಮಂತ್ರಿಯಿಂದ ಹೇಳಿಸಿದ. ತಕ್ಕಡಿಗೆ ಮಂತ್ರಿ ಗೊತ್ತಿಲ್ಲ ಎಂದು ಫೈಲಿನಲ್ಲೇ ಬರೆದೆ. ಈಗ ನನ್ನ ಬೆರಳು ಉಳಿಯುವುದೋ ಹೋಗುವುದೋ ಎಂದು ಹೇಳಬೇಕಾದ ಯಂತ್ರಕ್ಕೆ ಹದಿನೈದರ ರಿಯಾಯಿತಿ!

ಫೆಬ್ರವರಿ 11, ಮಂಗಳವಾರ

ದಾರಿ ಸಿಕ್ಕಿತು. ಇಷ್ಟು ದಿನ ಹೊಳೆಯದಿದ್ದುದೇ ಆಶ್ಚರ್ಯ.

ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಹೇಗೆ? ತೂಕ ಗೊತ್ತಿರುವ ಮಾದರಿ ಬಟ್ಟನ್ನು ಅದರ ಮೇಲೆ ಇಡುತ್ತೇವೆ. ಎಷ್ಟು ಹೆಚ್ಚು ತೋರಿಸುತ್ತದೋ ಅಷ್ಟು ಆ ತಕ್ಕಡಿಯ ತಪ್ಪು. ರಕ್ತಕ್ಕೂ ಹಾಗೆಯೇ. ರೋಗವಿಲ್ಲದ ರಕ್ತ ಬರಿಹೊಟ್ಟೆಯಲ್ಲಿ ತೊಂಬತ್ತರ ಸುಮಾರು ಇರುತ್ತದೆ ಎಂದು ಮೂರು ಪುಸ್ತಕಗಳಲ್ಲಿ ನೋಡಿದೆ. ಅಂಥ ರಕ್ತ ಮನೆಯಲ್ಲೇ ಇದೆ.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. "ನಂದ್ಯಾಕ್ರೀ ಚುಚ್ಚೋದು?" ಎಂದಳು.

"ನೀನು ಮಾದರಿ."

"ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ಇವತ್ತು ಗೊತ್ತಾಯ್ತಾ?"

"ತಮಾಷೆ ಅಲ್ಲ ಕಣೇ. ನಿನ್ನ ಬೆರಳು ಕೊಡು."

"ತಗೊಳ್ಳಿ, ಸೂಜಿ ನನಗೇನು ಹೊಸದಾ. ದಿನಕ್ಕೆ ನಾಲ್ಕು ಸಲ ನಾನೇ ಚುಚ್ಕೋತೀನಿ" ಎಂದು ಎಡಗೈ ಚಾಚಿದಳು. ಕೊಟ್ಟ ಕೈಯನ್ನು ನೋಡಲೂ ಇಲ್ಲ, ಬಲಗೈಯಲ್ಲಿ ಬಟ್ಟೆ ಸರಿಸುತ್ತಲೇ ಇದ್ದಳು.

ಇವಳದು 109. ಯಂತ್ರದ ತಪ್ಪು 19. ನನ್ನದು 211, ತಿದ್ದಿದ ಮೇಲೆ 192.

ಫೆಬ್ರವರಿ 20, ಗುರುವಾರ

ಹತ್ತು ದಿನದಿಂದ ತಪ್ಪದೆ ನಡೆಯುತ್ತಿದ್ದೇನೆ. ನಡೆಯುವುದೇನು ಬಂತು, ಹಾರುವುದು. ಪಾದಚಾರಿ ಮಾರ್ಗದಲ್ಲಿ ಕಲ್ಲು ಎದ್ದಿದೆ, ಮುಚ್ಚಳವಿಲ್ಲದ ಗುಂಡಿಗಳಿವೆ, ಒಂದು ಕಡೆಯಂತೂ ಅಂಗಡಿಯ ಫ್ರಿಜ್ಜೇ ಹೊರಗೆ ನಿಂತಿದೆ. ಮೊದಲ ವಾರ ಇವಳೂ ಜೊತೆಗೆ ಬಂದಳು. ಈಗ ನೂರನಲವತ್ತು ಶಾಲಾ ಅಂಗಿಗಳ ಕೆಲಸ ಬಂದಿದೆ, ಎಂಟಕ್ಕೆ ಕೂತರೆ ರಾತ್ರಿ ಎಂಟಕ್ಕೆ ಏಳುತ್ತಾಳೆ. ನಡುವೆ ಏಳುವುದು ನನ್ನ ಅಡುಗೆಗೆ ಮಾತ್ರ. ನನಗೆ ಬೇಯಿಸಿದ ತರಕಾರಿ, ಕಾಳು. ತನಗೆ ಏನು ಸಿಕ್ಕಿತೋ ಅದು.

ಮನೆಯಲ್ಲಿದ್ದ ಬಿಸ್ಕತ್ತು, ಜ್ಯಾಮು, ಕೇಕು ಎಲ್ಲ ಎಸೆ ಎಂದೆ. ತಿನ್ನುವ ಪದಾರ್ಥ ಎಸೆಯಲು ಇವಳಿಗೆ ಕೈ ಬಾರದು. ಹೊಲಿಯುತ್ತ ಒಂದೊಂದಾಗಿ ತಿಂದು ಮುಗಿಸುತ್ತಿದ್ದಾಳೆ. ಮುಗಿದರೆ ಸಾಕು, ನನ್ನ ಕಣ್ಣಿಗೆ ಬೀಳದಿದ್ದರಾಯಿತು.

'ಸಕ್ಕರೆ ಸೇರಿಸಿಲ್ಲ' ಎಂದು ಪೊಟ್ಟಣದ ಮೇಲೆ ಗೇಣುದ್ದ ಅಕ್ಷರ. ಹಿಂದೆ ತಿರುಗಿಸಿ ಭೂತಗನ್ನಡಿ ಹಿಡಿದರೆ ನಾಲ್ಕನೆಯ ಸಾಲಿನಲ್ಲಿ ಜೋಳದ ಸಿಹಿಪಾಕ. ಪತ್ರಿಕೆಗೆ ಬರೆದಿದ್ದೇನೆ. ಹಾಕುವುದಿಲ್ಲ, ಆ ಕಂಪನಿಯ ಜಾಹೀರಾತು ಮೊದಲ ಪುಟದಲ್ಲೇ ಇದೆ.

ಇವಳದು 118. ತಪ್ಪು 28. ನನ್ನದು 204, ತಿದ್ದಿ 176. ಇಳಿಯುತ್ತಿದೆ.

ಮಾರ್ಚ್ 2, ಭಾನುವಾರ

ಹೆಂಡತಿಯ ತಮ್ಮ ಬಂದಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಾಗಿಲಲ್ಲೇ ನಿಂತು, "ಅಕ್ಕಾ, ಏನೇ ಇದು, ಹ್ಯಾಂಗರಿಗೆ ಅಂಗಿ ಹಾಕಿದ ಹಾಗಿದ್ದೀಯ? ಭಾವ ಅನ್ನ ಹಾಕ್ತಿಲ್ವಾ?" ಎಂದ.

"ನಿಮ್ಮ ಭಾವನಿಗೇ ಅನ್ನ ಇಲ್ಲ, ನನಗೆಲ್ಲಿಂದ" ಎಂದು ನಕ್ಕಳು. ನಗುವಿಗೆ ಮೊದಲಿನ ಸದ್ದಿಲ್ಲ ಎಂದು ಅವನಿಗೆ ಅನ್ನಿಸಿತಂತೆ, ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದ. ಇವನಿಗೆ ಇಂಜಿನ್ನಿನ ಸದ್ದು ಕೇಳಿ ಅಭ್ಯಾಸ.

ತೆಳ್ಳಗಾಗಿರುವುದು ನಿಜ. ತನ್ನ ರವಿಕೆಗಳ ಪಕ್ಕದ ಹೊಲಿಗೆಯನ್ನು ತಿಂಗಳಲ್ಲಿ ಎರಡು ಸಲ ಒಳಗೆ ಹಿಡಿದಿದ್ದಾಳೆ. ನನ್ನ ಪಥ್ಯ ನನಗಿಂತ ಇವಳಿಗೆ ಹಿಡಿಸಿದೆ. ಐವತ್ತೈದನೆಯ ವಯಸ್ಸಿಗೆ ಎಷ್ಟು ಹೆಂಗಸರಿಗೆ ಈ ಭಾಗ್ಯ? ಭಾವಮೈದನಿಗೂ ಹಾಗೆಯೇ ಹೇಳಿದೆ. ಅವನು ತನ್ನ ಹೊಟ್ಟೆಯನ್ನು ಸವರಿಕೊಂಡ.

ಇವಳದು 134. ತಪ್ಪು 44. ನನ್ನದು 208, ತಿದ್ದಿ 164.

ಮಾರ್ಚ್ 12, ಬುಧವಾರ

ಇವಳದು 163. ಯಂತ್ರದ ತಪ್ಪು 73ಕ್ಕೆ ಮುಟ್ಟಿದೆ. ನನ್ನದು 219, ತಿದ್ದಿ 146.

ಗಮನಿಸಬೇಕಾದ ಸಂಗತಿ: ತಪ್ಪು ಏರುಪೇರಾಗುತ್ತಿಲ್ಲ, ಒಂದೇ ದಿಕ್ಕಿನಲ್ಲಿ ಏರುತ್ತಿದೆ. ಸ್ಪ್ರಿಂಗ್ ಸೋತ ತಕ್ಕಡಿಯ ಲಕ್ಷಣವೇ ಇದು. ಕೋಷ್ಟಕ ಮಾಡಿ, ತಾರೀಕು ಹಾಕಿ ಕಂಪನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

146 ಎಂದರೆ ಹೆಚ್ಚುಕಡಿಮೆ ಸಾಮಾನ್ಯವೇ. ಬೇಕರಿಯ ಮುಂದೆ ಐದು ವಾರದ ಮೇಲೆ ನಿಂತು ಒಂದು ತುಂಡು ಕೇಕು ತಿಂದೆ. ಮನುಷ್ಯನೂ ಒಂದಿಷ್ಟು ಸಡಿಲ ಬಿಟ್ಟುಕೊಳ್ಳಬೇಕು.

ರಾತ್ರಿ ಇವಳು ಮೂರು ಮೂರು ಸಲ ಎದ್ದು ಬಚ್ಚಲಿಗೆ ಹೋಗುತ್ತಾಳೆ, ನನಗೂ ನಿದ್ದೆಯಿಲ್ಲ. ನಿದ್ದೆ ಕೆಟ್ಟರೆ ಸಕ್ಕರೆ ಏರುತ್ತದೆ ಎಂದು ಡಾಕ್ಟರಮ್ಮ ಹೇಳಿಲ್ಲವೇ? ಕೊಡಗಟ್ಟಲೆ ನೀರು ಕುಡಿದರೆ ಇನ್ನೇನಾಗುತ್ತದೆ. ಸಂಜೆಯ ಮೇಲೆ ಕುಡಿಯಬೇಡ ಎಂದೆ. "ಬಾಯಿ ಅಂಟುತ್ತೆ ಕಣ್ರೀ" ಎಂದಳು.

ಮಾರ್ಚ್ 24, ಸೋಮವಾರ

ಇವಳು ಸೂಜಿಗೆ ದಾರ ಪೋಣಿಸಲಾರದೆ ನನ್ನನ್ನು ಕರೆದಳು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ. ಪೋಣಿಸಿಕೊಟ್ಟೆ. ಒಂದು ದಿನ ಕಣ್ಣು ಸರಿಯಿರುತ್ತದೆ, ಮರುದಿನ ಮಂಜಂತೆ. ಕನ್ನಡಕದ ಅಂಗಡಿಗೆ ಹೋಗಿ ಜಾಡಿಸಿ ಬಂದೆ. ಹೋದ ವರ್ಷ ಕೊಟ್ಟ ಗಾಜು ಇದು, ಇಷ್ಟು ಬೇಗ ಕೆಡುವುದುಂಟೇ?

ಶಾಲೆಯವರು ಹನ್ನೊಂದು ಅಂಗಿ ವಾಪಸ್ಸು ಕಳಿಸಿದ್ದಾರೆ. ತೋಳು ಒಳಮಗ್ಗುಲು ಹೊರಗಾಗಿ ಹೊಲಿದಿದ್ದಾಳೆ. ಅವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚುತ್ತ, "ರೀ, ಒಂದ್ಸಲ ನನ್ನನ್ನೂ ಡಾಕ್ಟರಮ್ಮನಿಗೆ ತೋರಿಸೋಣ್ವಾ? ಏನೋ ಸುಸ್ತು" ಎಂದಳು.

"ಹನ್ನೆರಡು ಗಂಟೆ ಕೂತ್ರೆ ಯಾರಿಗೆ ಸುಸ್ತಾಗಲ್ಲ? ಈ ಆರ್ಡರ್ ಮುಗೀಲಿ."

"ಹೂಂ."

ಇಲ್ಲಿ ಬರೆದಿಡುತ್ತೇನೆ: ಮೇ ತಿಂಗಳ ಪರೀಕ್ಷೆ ಮುಗಿಯುವವರೆಗೆ ಇವಳು ಟಾನಿಕ್ಕು ಗೀನಿಕ್ಕು ಎಂದು ಯಾವ ಔಷಧಿಯನ್ನೂ ತೆಗೆದುಕೊಳ್ಳದಿರುವುದು ಒಳ್ಳೆಯದು. ಮಾದರಿ ಕದಲಬಾರದು.

ಇವಳದು 187. ತಪ್ಪು 97. ನನ್ನದು 226, ತಿದ್ದಿ 129.

ಏಪ್ರಿಲ್ 1, ಮಂಗಳವಾರ

ಜಯ. ಕಂಪನಿಯವರು ಹೊಸ ಯಂತ್ರ ಕಳಿಸಿದ್ದಾರೆ, ಕ್ಷಮೆಯ ಪತ್ರದ ಸಮೇತ. ನಾಗರಿಕನೊಬ್ಬ ಪಟ್ಟು ಹಿಡಿದರೆ ಏನಾಗುತ್ತದೆ ಎನ್ನುವುದಕ್ಕೆ ಆ ಪತ್ರವನ್ನು ಫೈಲಿನಲ್ಲಿಟ್ಟಿದ್ದೇನೆ.

ಆದರೆ ಹೊಸ ಯಂತ್ರವೂ ಅದೇ ಜಾತಿಯದು. ಹಳೆಯದು ಇವಳಿಗೆ 234 ಎಂದರೆ ಇದು 231 ಎನ್ನುತ್ತದೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬಟ್ಟುಗಳು ಒಂದೇ ರೀತಿ ತಪ್ಪುವುದನ್ನು ನಾನು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ತಪ್ಪು 141. ನನ್ನದು 247, ತಿದ್ದಿ 106! ಇಪ್ಪತ್ತು ವರ್ಷದ ಹಿಂದೆಯೂ ನನಗೆ ಇಷ್ಟು ಬಂದಿರಲಿಲ್ಲ. ಬಿಸಿಲು ಜೋರಾದ್ದರಿಂದ ನಡಿಗೆ ನಿಲ್ಲಿಸಿದ್ದೇನೆ. ಬೆರಳಿನ ಗಾಯದ ಸುತ್ತ ಬಣ್ಣ ಕಪ್ಪಗಾಗುತ್ತಿದೆ, ಒಣಗುವ ಲಕ್ಷಣ.

ಇವಳ ಎಡಗೈ ಬೆರಳುಗಳಲ್ಲಿ ಚುಚ್ಚಲು ಜಾಗವೇ ಉಳಿದಿಲ್ಲ. ಇವತ್ತು ಬಲಗೈ ಕೇಳಿದೆ. ಹೊಲಿಯುವ ಕೈ ಎಂದು ಸ್ವಲ್ಪ ಹಿಂದೆಮುಂದೆ ನೋಡಿ ಕೊಟ್ಟಳು.

ಏಪ್ರಿಲ್ 9, ಬುಧವಾರ

ಇವಳದು 318. ತಪ್ಪು 228. ನನ್ನದು 268, ತಿದ್ದಿದರೆ 40.

ನಲವತ್ತಕ್ಕೆ ಇಳಿದವನು ಕುರ್ಚಿಯಲ್ಲಿ ಕೂತು ಇದನ್ನು ಬರೆಯಲಾರ. ಮೂರು ಸಲ ಕೂಡಿಸಿ ಕಳೆದು ನೋಡಿದೆ. ಲೆಕ್ಕ ಸರಿಯಾಗಿದೆ. ಎಲ್ಲೋ ತಪ್ಪಿದೆ. ನಾಳೆ ಕಂಪನಿಗೆ ಬರೆಯಬೇಕು.

ಇವಳಿಗೆ ಎರಡು ದಿನದಿಂದ ಮೈ ಬಿಸಿ. ಮೂತ್ರ ಉರಿಯುತ್ತದಂತೆ. ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಮಲಗಿದ್ದಾಳೆ.

ಏಪ್ರಿಲ್ 12, ಶನಿವಾರ

ಆಸ್ಪತ್ರೆಯ ಬೆಂಚಿನ ಮೇಲೆ.

ಬೆಳಿಗ್ಗೆ ಇವಳು ಏಳಲಿಲ್ಲ. ಕರೆದರೆ ಕಣ್ಣು ತೆರೆದು, "ತೋಳು ಇನ್ನೂ ಆಗಿಲ್ಲ" ಎಂದಳು. ಯಾವ ತೋಳು ಎಂದರೆ ಮತ್ತೆ ಕಣ್ಣು ಮುಚ್ಚಿದಳು. ಬೆರಳು ಚುಚ್ಚಿ ನೋಡಿದೆ. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ತೋರಿಸಿತು. ಕೊನೆಗೂ ಪೂರ್ತಿ ಕೆಟ್ಟಿತು ಎಂದುಕೊಂಡೆ. ಬ್ಯಾಟರಿ ಬದಲಿಸಿದೆ. ನನ್ನದು ನೋಡಿದೆ, 251 ಬಂತು. ಇವಳದು ಮತ್ತೆ ಅವೇ ಎರಡು ಅಕ್ಷರ.

ರಾತ್ರಿ ಏನೂ ತಿಂದಿರಲಿಲ್ಲ. ನಿತ್ರಾಣ ಎಂದುಕೊಂಡೆ. ಬಿಸಿನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕದಡಿ, ತಲೆ ಎತ್ತಿ ಹಿಡಿದು ಕುಡಿಸಿದೆ. ಒಂದು ತೊಟ್ಟೂ ಬಿಡದೆ ಕುಡಿದಳು. ಇನ್ನೊಂದು ಲೋಟ ಮಾಡಿಕೊಟ್ಟೆ.

ಭಾವಮೈದನಿಗೆ ಫೋನು ಮಾಡಿದೆ. ಅವನು ಬಂದು ನೋಡಿದವನೇ ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಅವಳು ಅಷ್ಟು ಹಗುರವಾಗಿದ್ದಳು.

ಏಪ್ರಿಲ್ 13, ಭಾನುವಾರ

ಪ್ರಜ್ಞೆ ಇಲ್ಲ. ಆಸ್ಪತ್ರೆಯ ಪರೀಕ್ಷೆಯಲ್ಲಿ 742. ಆರುನೂರು ದಾಟಿದರೆ ಮನೆಯ ಯಂತ್ರ ಅಂಕಿ ಬಿಟ್ಟು, ತೀರಾ ಹೆಚ್ಚು ಎನ್ನಲು ಆ ಎರಡು ಅಕ್ಷರ ತೋರಿಸುತ್ತದಂತೆ.

ಇದೇ ಆಸ್ಪತ್ರೆಗೆ ಬರುವ ನಮ್ಮ ಡಾಕ್ಟರಮ್ಮ, "ಯಾವಾಗಿಂದ ಶುರುವಾಯ್ತು, ಏನಾದ್ರೂ ಅಂದಾಜಿದೆಯಾ?" ಎಂದು ಕೇಳಿದರು. ಅಂದಾಜು ಬೇಕಿರಲಿಲ್ಲ. ಪುಸ್ತಕ ಚೀಲದಲ್ಲೇ ಇತ್ತು, ಕೊಟ್ಟೆ.

ನಿಂತುಕೊಂಡೇ ಓದಿದರು. ಫೆಬ್ರವರಿ ಹನ್ನೊಂದರಿಂದ ಅರವತ್ತೊಂದು ದಿನ, ಒಂದು ದಿನವೂ ತಪ್ಪದೆ, ಗಂಟೆ ನಿಮಿಷದ ಸಮೇತ. ಮೊದಲು ಅವರ ಮುಖ ಅರಳಿತು. ಆಮೇಲೆ 'ಯಂತ್ರದ ತಪ್ಪು' ಎಂಬ ಕಾಲಂ ಮೇಲೆ ಬೆರಳಿಟ್ಟರು.

"ಇದೇನು ಸಾರ್?"

ಹೇಳಿದೆ. ಮಾದರಿ, ತೊಂಬತ್ತು, ಕಳೆಯುವುದು, ಎಲ್ಲ. ಅಧಿಕಾರಿಗೆ ವರದಿ ಒಪ್ಪಿಸುವ ಹಾಗೆ ಒಂದೂ ಬಿಡದೆ ಹೇಳಿದೆ. ಡಾಕ್ಟರಮ್ಮ ಪುಸ್ತಕ ಮುಚ್ಚಿದರು. ಬಯ್ಯುತ್ತಾರೆ ಎಂದು ಕಾದೆ. "ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರನ್ನ ನಾನು ನೋಡಿಲ್ಲ" ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಭಾವಮೈದ ಪಕ್ಕದಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡಿದ್ದ. ಎದ್ದು ಹೋಗಿ ಆ ಕಡೆಯ ಬೆಂಚಿನಲ್ಲಿ ಕೂತ.

ಏಪ್ರಿಲ್ 15, ಮಂಗಳವಾರ

ಕಣ್ಣು ಬಿಟ್ಟಿಲ್ಲ.

ಮಾದರಿ ಬಟ್ಟನ್ನೂ ನಂಬಬಾರದು ಎಂದು ನಮ್ಮ ಕಾಯಿದೆಯಲ್ಲೇ ಇದೆ. ಗೊತ್ತಾದ ಅವಧಿಗೊಮ್ಮೆ ಅದನ್ನು ಮೇಲಿನ ಪ್ರಯೋಗಾಲಯಕ್ಕೆ ಒಯ್ದು ತೂಗಿಸಬೇಕು. ಮೂವತ್ತೆರಡು ವರ್ಷ ನಾನೇ ಪೆಟ್ಟಿಗೆ ಹೊತ್ತು ರೈಲಿನಲ್ಲಿ ಹೋಗಿದ್ದೇನೆ. ಬಟ್ಟು ಅಲುಗಬಾರದೆಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ.

ಡಾಕ್ಟರಮ್ಮನ ಕ್ಲಿನಿಕ್ಕಿಗೆ ನಮ್ಮ ಮನೆಯಿಂದ ನಡೆದರೆ ಹನ್ನೆರಡು ನಿಮಿಷ.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಹತ್ತೂಕಾಲಿಗೆ ಕಣ್ಣು ಬಿಟ್ಟಳು. ತಮ್ಮನನ್ನು ಗುರುತಿಸಿದಳು. ನನ್ನನ್ನೂ.

ನಾನು ಕುಂಟುವುದನ್ನು ಕಂಡ ನರ್ಸು ಚಪ್ಪಲಿ ಬಿಚ್ಚಿಸಿ ನೋಡಿ, ಮೂಗಿಗೆ ಕೈ ಅಡ್ಡ ಹಿಡಿದಳು. ಹೆಬ್ಬೆರಳು ಮತ್ತು ಅದರ ಪಕ್ಕದ್ದು, ಎರಡೂ ಹೋಗಬೇಕಂತೆ. ಸರಾಸರಿಯ ಪರೀಕ್ಷೆಯನ್ನೂ ಮಾಡಿದರು. ಏಳರೊಳಗೆ ಇರಬೇಕಾದದ್ದು ಹನ್ನೊಂದು. ಶಸ್ತ್ರಚಿಕಿತ್ಸೆಯ ಕಾಗದಕ್ಕೆ ಸಹಿ ಹಾಕಿದೆ.

ವಾರ್ಡಿನ ತೂಕದ ಯಂತ್ರದ ಮುಳ್ಳು ಯಾರೂ ನಿಲ್ಲದಿದ್ದಾಗಲೂ ಎರಡು ಕಿಲೋ ತೋರಿಸುತ್ತದೆ. ಯಾರಿಗೂ ಹೇಳಲಿಲ್ಲ.

ಏಪ್ರಿಲ್ 26, ಶನಿವಾರ

ನಾನು ಗಂಡಸರ ವಾರ್ಡು, ಅವಳು ಹೆಂಗಸರದು. ಇವತ್ತು ಗಾಲಿಕುರ್ಚಿಯಲ್ಲಿ ಕೂರಿಸಿ ಅವಳ ಬಳಿ ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಎರಡು ಸಲ ಕರಡು ಮಾಡಿಕೊಂಡು ಹೋಗಿದ್ದೆ.

"ಕಾಲು ನೋಯುತ್ತಾ?" ಎಂದಳು.

ಇಲ್ಲ ಎಂದೆ.

"ನನಗೆ ಎಲ್ಲ ಹೇಳಿದ್ದಾನೆ ತಮ್ಮ" ಎಂದಳು. ಆಮೇಲೆ, "ನಾನೂ ಒಂದು ದಿನ ಆ ಪುಸ್ತಕ ನೋಡಿದ್ದೆ ಕಣ್ರೀ. ನನ್ನ ಅಂಕಿ ಏರ್ತಿದೆಯಲ್ಲ ಅಂತ ಅನ್ನಿಸ್ತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಊಟದ ಗಾಡಿ ಬಂತು. ಅವಳ ತಟ್ಟೆಯಲ್ಲಿ ಬೇಯಿಸಿದ ತರಕಾರಿ, ಕಾಳು. ನನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೋದರು.

ಮೇ 8, ಗುರುವಾರ

ಮನೆಗೆ ಬಂದು ಆರು ದಿನ. ಅವಳ ಕಣ್ಣು ಸುಮಾರಾಗಿ ತಿಳಿಯಾಗಿದೆ, ಪೂರ್ತಿ ಆಗುವುದೋ ಇಲ್ಲವೋ ನೋಡಬೇಕು ಎಂದಿದ್ದಾರೆ. ದಿನಕ್ಕೆ ಎರಡು ಇಂಜೆಕ್ಷನ್. ಹೊಟ್ಟೆಯ ಮೇಲೆ ತಾನೇ ಹಾಕಿಕೊಳ್ಳುವುದನ್ನು ನರ್ಸಿನಿಂದ ಕಲಿತು ಬಂದಿದ್ದಾಳೆ. ಬೆಳಿಗ್ಗೆ ಆರಕ್ಕೆ ತಮ್ಮ ಬರುತ್ತಾನೆ, ಇಬ್ಬರೂ ನಡೆಯಲು ಹೋಗುತ್ತಾರೆ. ನಾನು ಕಟ್ಟು ಬಿಗಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕಿಟಕಿಯ ಬಳಿ ಕೂತಿರುತ್ತೇನೆ.

ಇವತ್ತು ಬಂದವಳೇ ಹೊಸ ಯಂತ್ರವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಅವಳದೇ ಒಂದು ಚಿಕ್ಕ ಪುಸ್ತಕವಿದೆ, ತಮ್ಮ ತಂದುಕೊಟ್ಟದ್ದು. ಹಳೆಯ ಯಂತ್ರ ನನ್ನ ಪಾಲಿಗೆ.

ಹೊರಗೆ ಬಂದಾಗ, "ಎಷ್ಟಿದೆ?" ಎಂದು ಕೇಳಿದೆ.

"ಯಾಕೆ? ಅದರಲ್ಲಿ ಎಷ್ಟು ಕಳೀಬೇಕು ಅಂತ ಹೇಳೋಕಾ?"

ಕೋಪದಲ್ಲಿ ಹೇಳಲಿಲ್ಲ. ಚಹಾ ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ಭಾವಮೈದ ಶೂ ಕಟ್ಟಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ. ಅವಳು ಪುಸ್ತಕವನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿಟ್ಟಳು. ಕಾಲು ಸರಿಯಿದ್ದಿದ್ದರೆ ನನಗೂ ಎಟುಕುವ ಎತ್ತರವೇ.

ನನ್ನದು 238.